ರಸ್ತೆ ದಾಟಿ ನೋಡಿದವರು

ಪೇಂಟರಣ್ಣನ ಎಡಗೈ ಹೆಬ್ಬೆರಳಿನ ಉಗುರಿಗೆ ಯಾವಾಗಲೂ ಬಣ್ಣ. ಡಬ್ಬಿಯಲ್ಲಿ ಕಲಸಿದ ಬಣ್ಣವನ್ನು ಮೊದಲು ಆ ಉಗುರಿಗೆ ಹಚ್ಚಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬೋರ್ಡಿಗೆ. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರದ ಅವರ ಪುಟ್ಟ ಅಂಗಡಿಗೆ ನಾನು ಡಿಟಿಪಿ ಕಲಿತು ಸೇರಿದಾಗ, ಕಂಪ್ಯೂಟರ್ ಮುಂದೆ ಕುಳಿತ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಫ್ಲೆಕ್ಸ್ ಬಂದು ಕುಂಚದ ಕೆಲಸ ನಿಂತೇ ಹೋಗಿತ್ತು. ಕಮ್ಮರಡಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಅವರ ಭಾವ, "ಬೋರ್ಡಿನ ಕಾಲ ಮುಗೀತು, ಇಲ್ಲಿ ಬಂದು ಬೆಲ್ಲ ತೂಗು" ಎಂದು ಕರೆಯುತ್ತಲೇ ಇದ್ದರು. ಹಟಕ್ಕೆ ಬಿದ್ದು ಪೇಂಟರಣ್ಣ ಕಂಪ್ಯೂಟರ್ ತಂದರು.

ನಮ್ಮ ಮೊದಲ ಫ್ಲೆಕ್ಸ್ ಒಂದು ಬಟ್ಟೆ ಅಂಗಡಿಯದು. ಗುಲಾಬಿ ಹೂ, ಚಿನ್ನದ ಅಂಚು, ಅಕ್ಷರಕ್ಕೆ ನೆರಳು, ನನಗೆ ಬರುವುದನ್ನೆಲ್ಲ ಅದರಲ್ಲೇ ಸುರಿದಿದ್ದೆ. ಇಬ್ಬರೂ ಕುರ್ಚಿಯಲ್ಲಿ ಕುಳಿತು ನೋಡಿ ಹಿಗ್ಗಿದೆವು. ಅಂಗಡಿ ಮೇಲೆ ಕಟ್ಟಿದ ನಂತರ ಬಟ್ಟೆ ಅಂಗಡಿಯವರು ಬಂದು, "ಹೂವೆಲ್ಲ ಚೆಂದ ಕಾಣ್ತದೆ, ನನ್ನ ಅಂಗಡಿ ಹೆಸರೆಲ್ಲಿ ಮಾರಾಯ?" ಅಂದರು. ನನ್ನ ಜಂಬ ಅಲ್ಲೇ ಇಳಿಯಿತು.

"ಇನ್ನೊಂದು ಕೆಲಸ ಹೀಗಾದ್ರೆ ನಾನು ಕಮ್ಮರಡಿಗೆ ಹೋಗೋದೇ" ಎಂದರು ಪೇಂಟರಣ್ಣ.

ಆ ಇನ್ನೊಂದು ಕೆಲಸ ಶೃಂಗೇರಿಯ ಒಂದು ಲಾಡ್ಜಿನ ಬೋರ್ಡು. ಬಸ್ಸಿನಲ್ಲಿ ಬರುವ ಯಾತ್ರಿಕರಿಗೆ ಹೆಸರು ಕಾಣಬೇಕು, ಅಷ್ಟೇ ಬೇಡಿಕೆ. ಅಭ್ಯಾಸಬಲದಿಂದ ನಾನು ಮತ್ತೆ ಹೂ, ನೆರಳು ಸೇರಿಸಿದ್ದೆ. ಪೇಂಟರಣ್ಣ ಎದ್ದವರೇ ಮಾನಿಟರನ್ನು ರಸ್ತೆಯ ಕಡೆ ತಿರುಗಿಸಿದರು. ಲುಂಗಿ ಎತ್ತಿ ಕಟ್ಟಿ ರಸ್ತೆ ದಾಟಿ ನಿಂತರು. ಕುಂಚದ ಕಾಲದಲ್ಲಿ ಅವರು ಪ್ರತಿ ಬೋರ್ಡನ್ನೂ ನೋಡುತ್ತಿದ್ದದ್ದು ಹಾಗೇ ಅಂತೆ. ಕಂಪ್ಯೂಟರ್ ಬಂದ ಗಡಿಬಿಡಿಯಲ್ಲಿ ಮರೆತಿದ್ದರು.

"ಆ ಹೂ ತೆಗಿ! ನೆರಳು ತೆಗಿ!" ಆಚೆಯಿಂದ ಕೂಗು. ನಡುವೆ ಬಸ್ಸು ಬಂದರೆ ಅದು ಹೋಗುವ ತನಕ ಕಾಯಬೇಕು. ರಸ್ತೆಗೆ ತಿರುಗಿದ ಮಾನಿಟರನ್ನು ಟಿವಿ ಅಂದುಕೊಂಡು ಯಾರೋ ಬಂದು, "ಇವತ್ತು ಮ್ಯಾಚ್ ಯಾವುದು?" ಎಂದು ಕೇಳಿದರು. ನನಗೆ ನಾಚಿಕೆಯಿಂದ ನೆಲ ಸೇರುವ ಹಾಗಾಯಿತು. ಅಳಿಸಿ ಅಳಿಸಿ ಕೊನೆಗೆ ಉಳಿದದ್ದು ಹಳದಿಯ ಮೇಲೆ ದಪ್ಪ ಕಪ್ಪು ಹೆಸರೊಂದೇ.

ಬೋರ್ಡ್ ಹಾಕಿದ ಮೇಲೆ ಇಬ್ಬರೂ ಕೊಪ್ಪದಿಂದ ಬಸ್ಸು ಹತ್ತಿದೆವು. ಶೃಂಗೇರಿ ಹತ್ತಿರವಾದಂತೆ ಪೇಂಟರಣ್ಣ ಕಣ್ಣು ಮುಚ್ಚಿಕೊಂಡರು. "ನೀನೇ ನೋಡಿ ಹೇಳು ಮಾರಾಯ್ತಿ, ನನ್ ಕೈಲಾಗೋದಿಲ್ಲ." ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಲ್ಲಿ ಒಬ್ಬ ಯಾತ್ರಿಕ ಅಮ್ಮ ಲಾಡ್ಜಿನ ಹೆಸರು ಗಟ್ಟಿಯಾಗಿ ಓದಿ, "ಅಗೋ ಅಲ್ಲಿ, ಇಳೀರಿ ಇಳೀರಿ!" ಎಂದು ಮನೆಮಂದಿಯನ್ನೆಲ್ಲ ಎಬ್ಬಿಸಿದರು. "ಸ್ಟಾಪ್ ಬರ್ಲಿ ಅಮ್ಮಾ!" ಎಂದು ಕಂಡಕ್ಟರ್ ಗದರಿದ. ಪೇಂಟರಣ್ಣ ಛಂಗನೆ ಎದ್ದು, ತಲೆ ಮೇಲಿನ ಕಂಬಿಗೆ ಬಡಿದುಕೊಂಡು, ಆ ನೋವಿನಲ್ಲೇ ನಕ್ಕರು. ಅಬ್ಬಾ, ಆ ನಗು!

ಆಮೇಲೆ ನರಸಿಂಹರಾಜಪುರದವರೆಗೂ ನಮ್ಮ ಬೋರ್ಡುಗಳೇ. ಕಮ್ಮರಡಿಯ ಭಾವನ ಅಂಗಡಿಗೂ ನಾವೇ ಮಾಡಿಕೊಟ್ಟೆವು. ಈಗ ಬಾಯಲ್ಲಿ ಹೇಳಿದರೆ ಸಾಕು, ಕಂಪ್ಯೂಟರೇ ನೂರು ಚಿತ್ರ ಬರೆದುಕೊಡುತ್ತದೆ. ಬರೆಯಲಿ ಬಿಡಿ. ನಾನು ಅದನ್ನೂ ರಸ್ತೆ ದಾಟಿ ನೋಡುತ್ತೇನೆ.

ಪೇಂಟರಣ್ಣ ಅಂಗಡಿಯನ್ನು ನನ್ನ ಕೈಗೆ ಕೊಟ್ಟ ದಿನ ನಾನು ಹೊಸ ಬೋರ್ಡ್ ಮಾಡಿದೆ. ಮೇಲೆ ಅವರ ಹೆಸರು, ಕೆಳಗೆ ನನ್ನದು. ಪೇಂಟರಣ್ಣ ಕೋಲೂರಿಕೊಂಡು ರಸ್ತೆ ದಾಟಿದರು. "ಎರಡು ಹೆಸರು ಜಾಸ್ತಿ ಆಯ್ತು! ಮೇಲಿಂದು ತೆಗಿ!"

"ತೆಗೆಯೋದಿಲ್ಲ ಪೇಂಟರಣ್ಣ!" ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಿದೆ.

ಅವರು ಹೋಗಿ ಒಂದು ಮಳೆಗಾಲ ಕಳೆಯಿತು. ಶಿವಮೊಗ್ಗದ ಬಸ್ಸು ತಿರುವಿನಲ್ಲಿ ಬರುವಾಗಲೇ ಅವರ ಹೆಸರು ಓದಲು ಬರುತ್ತದೆ. ನಾನು ಬಸ್ಸಿನಲ್ಲಿ ಕುಳಿತೇ ನೋಡಿದ್ದೇನೆ.