ಲೆಕ್ಕದಮ್ಮ ಬರೆಯದ ಪತ್ರಿಕೆ

ದರ್ಜಿ ಹೆಂಗಸಿನ ಮಗಳಿಗೆ ಓರಗೆಯವರು ಇಟ್ಟ ಹೆಸರು ಲೆಕ್ಕದಮ್ಮ. ಒಂದು ಲೆಕ್ಕವನ್ನು ಒಂದು ದಾರಿಯಲ್ಲಿ ಬಿಡಿಸಿದ್ದು ಸಾಲದೆಂದು ಇನ್ನೊಂದು ದಾರಿ ಹುಡುಕುವ ಹುಚ್ಚು ಅವಳದು. ಆ ಹುಚ್ಚನ್ನು ಟ್ಯೂಷನ್ ಮೇಷ್ಟ್ರು ಒಂದೇ ವರ್ಷದಲ್ಲಿ ಬಿಡಿಸಿದರು. "ಹೇಗೆ ಮಾಡಿದ್ರಿ ಅಂತ ಯಾರು ನೋಡ್ತಾರೆ? ಎ, ಬಿ, ಸಿ, ಡಿ ನೆನಪಿಟ್ಕೊಂಡು ಬನ್ನಿ, ಹೊರಗೆ ತಾಳೆ ನೋಡಿ." ಪರೀಕ್ಷೆ ಮುಗಿದೊಡನೆ ಪ್ರಶ್ನೆಪತ್ರಿಕೆ ವಾಪಸು ಕಿತ್ತುಕೊಳ್ಳುತ್ತಿದ್ದರಲ್ಲ, ಆ ಟ್ಯೂಷನ್ನಿನ ಮಕ್ಕಳು ಬರೀ ಅಕ್ಷರಗಳನ್ನು ಗುನುಗುತ್ತಾ ಹೊರಬರುವರು.

ಅಂದು ಪ್ರವೇಶ ಪರೀಕ್ಷೆ: ಬೆಳಗ್ಗೆ ಗಣಿತ, ಮಧ್ಯಾಹ್ನ ವಿಜ್ಞಾನ. ಎರಡರಲ್ಲೂ ಗೆದ್ದರೆ ಫೀಜಿಲ್ಲದ ಕಾಲೇಜಿನಲ್ಲಿ ಸೀಟು. ಇಲ್ಲವಾದರೆ ಅಮ್ಮನ ಪಕ್ಕದಲ್ಲಿ ಇನ್ನೊಂದು ಹೊಲಿಗೆ ಯಂತ್ರ. ಆ ಮನೆಯಲ್ಲಿ ಮೂರನೆಯ ದಾರಿ ಇರಲಿಲ್ಲ.

ಗಣಿತ ಮುಗಿದದ್ದೇ ತಡ, ಮೆಟ್ಟಿಲ ಮೇಲೆ ಡಾಕ್ಟರ ಮಗನ ಸುತ್ತ ಗುಂಪು. ಅವನು ಟ್ಯೂಷನ್ನಿಗೇ ಮೊದಲಿಗ. ಅವನು ಹೇಳಿದ್ದೇ ಉತ್ತರ.

"ಮೊದಲನೇದು ಬಿ. ಎರಡನೇದು ಎ."

"ನಂದೂ ಅದೇ ಕಣೋ," ಅಂದರು ಎಲ್ಲರೂ.

"ನಂದು ಡಿ, ಆಮೇಲೆ ಸಿ," ಅಂದಳು ಲೆಕ್ಕದಮ್ಮ.

"ಏನೇ, ಕಣ್ಮುಚ್ಕೊಂಡು ಬರೆದ್ಯಾ?" ಪಕ್ಕದವಳು ಕಿಸಕ್ಕನೆ ನಕ್ಕಳು.

ಮುಂದಿನವೂ ತಾಳೆಯಾಗಲಿಲ್ಲ. ಕೊನೆಗೆ ಲೆಕ್ಕದಮ್ಮ, "ನೀರಿನ ತೊಟ್ಟಿ ಲೆಕ್ಕಕ್ಕೆ ಎಷ್ಟು ಬಂತೋ ನಿನಗೆ?" ಎಂದು ಕೇಳಿದಳು.

"ಎಷ್ಟು ಬಂತೋ ಯಾರಿಗೆ ನೆನಪಿದೆ ತಾಯಿ? ಡಿ ಅಷ್ಟೇ."

ಆ ಪುಣ್ಯಾತ್ಮನ ಬಾಯಿಂದ ಒಂದು ಅಂಕಿ ಬಂದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ನಕಲು ತಡೆಯಲೆಂದು ಆ ವರ್ಷ ನಾಲ್ಕು ಬಗೆಯ ಪತ್ರಿಕೆ ಹಂಚಿದ್ದರು. ಪ್ರಶ್ನೆ ಅವೇ, ಎ-ಬಿ-ಸಿ-ಡಿಗಳು ಮಾತ್ರ ಒಂದೊಂದರಲ್ಲಿ ಒಂದೊಂದು ಥರ ಅದಲುಬದಲು. ಮೇಲ್ವಿಚಾರಕರಿಗೆ ಗೊತ್ತಿತ್ತು. ಮಕ್ಕಳಿಗೆ ಹೇಳಿದವರಿಲ್ಲ. ಗುಂಪಿನಲ್ಲಿ ಎಷ್ಟೋ ಜನರ ಅಕ್ಷರ ತಾಳೆಯಾಗಿರಲಿಲ್ಲ. ಅವರು ಮಾನಕ್ಕೆ ಹೆದರಿ ಸುಳ್ಳು ಹೇಳಿದರು, ಮಧ್ಯಾಹ್ನ ಹೋಗಿ ಪರೀಕ್ಷೆ ಬರೆದರು. ಇವಳು ನಿಜ ಹೇಳಿದಳು, ಮನೆಗೆ ಹೋದಳು.

"ಇನ್ನೊಂದು ಇತ್ತಲ್ವೇನೇ?" ಅಮ್ಮ ಯಂತ್ರ ನಿಲ್ಲಿಸಿದಳು.

"ಗಣಿತಾನೇ ಹೋಯ್ತಮ್ಮ. ಅದೊಂದು ಬರೆದು ಏನು ಮಾಡ್ಲಿ?"

"ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ಫಲಿತಾಂಶ ಬಂತು. ಗಣಿತದಲ್ಲಿ ಇಡೀ ಕೇಂದ್ರಕ್ಕೇ ಅವಳು ಮೊದಲು. ವಿಜ್ಞಾನದಲ್ಲಿ ಗೈರು. ತಾಯಿ ಮಗಳು ಪರೀಕ್ಷಾ ಕಚೇರಿಗೆ ಓಡಿದರು. ಪತ್ರಿಕೆ ನಾಲ್ಕು ಬಗೆಯಿದ್ದದ್ದು ಅವರಿಗೆ ಗೊತ್ತಾದದ್ದು ಅಲ್ಲಿ.

"ಗೈರು ಅಂದ್ರೆ ಗೈರೇ ತಾನೇ ಅಮ್ಮ," ಗುಮಾಸ್ತ ತಲೆ ಎತ್ತಲಿಲ್ಲ. "ನಾವೇನು ಅವಳನ್ನ ಹೊರಗೆ ಅಟ್ಟಿದ್ವಾ?"

"ಮುಂದಿನ ವರ್ಷ ಬರೀಬಹುದಾ ಸಾರ್?"

"ವಯಸ್ಸು ದಾಟುತ್ತೆ."

ಹೌದು, ಯಾರೂ ಅಟ್ಟಲಿಲ್ಲ. ಒಂದು ಮಾತು ಹೇಳದೆ ಸುಮ್ಮನಿದ್ದರು, ಅಷ್ಟೇ. ಸುಮ್ಮನಿದ್ದವರನ್ನು ಹಿಡಿಯುವ ಕಾನೂನು ಯಾವ ಕಚೇರಿಯಲ್ಲೂ ಇಲ್ಲ.

ಲೆಕ್ಕದಮ್ಮ ಯಂತ್ರದ ಮುಂದೆ ಕೂತ ವಾರದಲ್ಲೇ ಮೇಷ್ಟ್ರು ಮನೆಗೆ ಬಂದರು. "ಒಂದು ಫೋಟೋ ಕೊಡಮ್ಮ. ಬೋರ್ಡಿಗೆ ಹಾಕ್ಬೇಕು."

"ಸಾರ್, ಪತ್ರಿಕೆ ನಾಲ್ಕು ಬಗೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನೋಟಿಸು ಬಂದಿತ್ತು. ಅಡ್ಮಿಷನ್ ಗಲಾಟೇಲಿ ಮರೆತೇ ಹೋಯ್ತು. ಮುಂದಿನ ಬ್ಯಾಚಿಗೆ ಹೇಳ್ತೀನಿ."

"ಫೋಟೋ ಇಲ್ಲ, ಹೋಗಿ ಬನ್ನಿ," ಅಂದಳು ಅಮ್ಮ.

ಫೋಟೋ ಇಲ್ಲದೆಯೇ ಬೋರ್ಡು ಬಂತು: "ಗಣಿತದಲ್ಲಿ ಪ್ರಥಮ, ನಮ್ಮ ವಿದ್ಯಾರ್ಥಿನಿ." ಆ ವರ್ಷ ಟ್ಯೂಷನ್ನಿನಲ್ಲಿ ಬೆಂಚು ಸಾಲದೆ ಮಕ್ಕಳು ನೆಲದ ಮೇಲೆ ಕೂತರು.