ಸಿದ್ದಪ್ಪನ ಜೋಡಿಕಾಳು

ಕಾಡಸಿದ್ದಪ್ಪನಿಗೆ ನಿದ್ದೆಯೆಂದರೆ ಕರೆಯದಿದ್ದರೂ ಬಂದು ಜಗಲಿ ಹಿಡಿಯುವ ನೆಂಟ. ಶೆಟ್ಟಿಕೆರೆಯಲ್ಲಿ ಹುಡುಗನಾಗಿದ್ದಾಗ ತೋಟಕ್ಕೆ ನೀರು ಕಟ್ಟಲು ಹೋದವನು ತೆಂಗಿನ ಬುಡಕ್ಕೆ ಒರಗಿ, ಗರಿಗಳ ಸದ್ದು ಕೇಳುತ್ತ ಎಲ್ಲೋ ತೇಲಿಹೋಗುತ್ತಿದ್ದ. ನೀರು ಪಕ್ಕದವರ ತೋಟ ಸೇರುತ್ತಿತ್ತು. "ಚಿಂತೆ ಇಲ್ಲದೋನಿಗೆ ಸಂತೇಲೂ ನಿದ್ದೆ ಅಂತಾರಲ್ಲ, ಅದು ನೀನೇ ಕಣ್ಲಾ" ಎಂದು ಅಪ್ಪ ಬೈಯುತ್ತಿದ್ದ.

ಅಂಥವನನ್ನು ತಿಪಟೂರಿನ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿಗೆ ಅಟೆಂಡರ್ ಮಾಡಿಕೊಂಡರು. ದಿನಗೂಲಿ. ಎಪ್ಪತ್ತೆರಡರಲ್ಲಿ ಸೇರಿದವನು ಎಂಬತ್ಮೂರು ಬಂದರೂ ದಿನಗೂಲಿಯೇ. ಆ ವರ್ಷ ಕಾಯಂ ಮಾಡುವ ಮಾತು ಹುಟ್ಟಿತು. ಅದಕ್ಕೆ ಲ್ಯಾಬಿನ ಮೇಷ್ಟ್ರಿಂದ ಒಂದು ಪತ್ರ ಬೇಕಿತ್ತು. ಹೆಂಡತಿ ಗುರುಶಾಂತಮ್ಮ ದಿನಾ ಸಂಜೆ ಬಾಗಿಲಲ್ಲೇ ಕೇಳುತ್ತಿದ್ದಳು, "ಬರ್ಕೊಟ್ರೇನ್ರೀ?"

ಪತ್ರ ಬರೆಯಬೇಕಾದ ತೋಂಟದಾರ್ಯ ಮೇಷ್ಟ್ರಿಗೆ ಒಂದು ಹುಚ್ಚು. ಸ್ಟೈರೀನ್ ಎಂಬ ಎಣ್ಣೆಯಂಥ ದ್ರವವನ್ನು ಬಿಸಿನೀರಿನಲ್ಲಿ ಬಿಡದೆ ಕಲಕಿದರೆ ಅದು ಸಣ್ಣ ಹನಿಗಳಾಗುತ್ತದೆ. ಹನಿಯೊಳಗಿನ ಅಣುಗಳು ಒಂದರ ಕೈ ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಹನಿ ಬೆಲ್ಲದ ಪಾಕದಂತೆ ಅಂಟಂಟಾಗಿ, ಕೊನೆಗೆ ರಾಗಿಯಷ್ಟು ದಪ್ಪದ ಗಟ್ಟಿ ಪಾಲಿಮರ್ ಕಾಳಾಗುತ್ತದೆ. ನೀರೊಳಗಿನ ಹನಿ ದುಂಡಗಾಗದೆ ಬಿಡುವುದಿಲ್ಲವಾದ್ದರಿಂದ ಕಾಳೂ ದುಂಡು. "ದುಂಡಗಿರೋದನ್ನ ಎಲ್ಲರೂ ಮಾಡ್ತಾರೆ ಕಣಪ್ಪ ಸಿದ್ದಪ್ಪ. ದುಂಡಗಿಲ್ಲದ್ದನ್ನ ಮಾಡಬೇಕು" ಎನ್ನುತ್ತಿದ್ದರು ಮೇಷ್ಟ್ರು. ಅವರ ಪಿಎಚ್.ಡಿ. ನಿಂತಿದ್ದದ್ದೇ ಅದರ ಮೇಲೆ.

ಕಲಕುವ ಮೋಟರನ್ನು ನೋಡಿಕೊಳ್ಳುತ್ತ, ಆದದ್ದನ್ನೆಲ್ಲ ಗಂಟೆ ಸಮೇತ ರಿಜಿಸ್ಟರಿನಲ್ಲಿ ಬರೆಯುವುದು ಸಿದ್ದಪ್ಪನ ಕೆಲಸ.

ಆಷಾಢದ ಒಂದು ಮಧ್ಯಾಹ್ನ ಮೇಷ್ಟ್ರು ಪಾಠಕ್ಕೆ ಹೋಗಿದ್ದರು. ಸಿದ್ದಪ್ಪನ ಹೊಟ್ಟೆಯಲ್ಲಿ ಎರಡು ಮುದ್ದೆ, ಬಸ್ಸಾರು. ಕಿಟಕಿಯಲ್ಲಿ ಗಾಳಿ, ಕಿವಿಯಲ್ಲಿ ಮೋಟರಿನ ಗುಂಯ್ ಸದ್ದು. ನೆಂಟ ಬಂದೇ ಬಂದ. ಕನಸಿನಲ್ಲಿ ಊರಿನ ಕೆರೆಯ ತುಂಬ ತೆಂಗಿನಕಾಯಿ ತೇಲುತ್ತಿದ್ದವು. ಒಂದು ಕಾಯಿ ಮೆಲ್ಲನೆ ಬಂದು ಇನ್ನೊಂದಕ್ಕೆ ಒರಗಿತು, ಮತ್ತೊಂದು ಬಂದು ಮಗದೊಂದಕ್ಕೆ. ಸಿದ್ದಪ್ಪನೂ ನೀರಿನ ಮೇಲೆ ಹಗುರಾಗಿ ಮಲಗಿದ್ದ. ಎಂದೋ ತೀರಿಕೊಂಡ ಅಜ್ಜಿ ದಡದಲ್ಲಿ ಕೂತು, "ಎಬ್ಬಿಸ್ಬ್ಯಾಡ್ರೋ, ಮಲೀಕಳ್ಳಿ" ಎನ್ನುತ್ತಿದ್ದಳು.

ಕಣ್ಣು ಬಿಟ್ಟರೆ ಸದ್ದೇ ಇಲ್ಲ. ಕರೆಂಟು ಹೋಗಿತ್ತು. ಗ್ಯಾಸಿನ ಒಲೆ ಉರಿಯುತ್ತಿತ್ತು, ಕಲಕುವ ಕಡ್ಡಿ ನಿಂತಿತ್ತು, ಹನಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಧಡಕ್ಕನೆ ಎದ್ದ. ಕಡ್ಡಿಯನ್ನು ಕೈಯಿಂದಲೇ ಗರಗರ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ರಿಜಿಸ್ಟರಿನಲ್ಲಿ ಬರೆದ: "ಮೋಟರ್ ಎಲ್ಲೂ ನಿಲ್ಲದೆ ಓಡಿತು."

ಮಾರನೆಯ ದಿನ ಮೇಷ್ಟ್ರು ಭೂತಗನ್ನಡಿ ಹಿಡಿದು ಕೂಗಿಯೇಬಿಟ್ಟರು. ಕಾಳುಗಳು ಎರಡೆರಡು ಬೆಸೆದುಕೊಂಡು ಕಡಲೆಕಾಯಿಯ ಆಕಾರಕ್ಕೆ ಬಂದಿದ್ದವು.

ಅಲ್ಲಿಂದ ಶುರುವಾಯಿತು ಪಾಡು. ರಿಜಿಸ್ಟರಿನಲ್ಲಿದ್ದಂತೆಯೇ ಮೇಷ್ಟ್ರು ಮತ್ತೆ ಮತ್ತೆ ಮಾಡಿದರು. ಐದು ತಿಂಗಳು ಬರೀ ದುಂಡು ಕಾಳು. ಅವರ ಕೆನ್ನೆ ಒಳಗೆ ಹೋಯಿತು, ನಿದ್ದೆ ಹೋಯಿತು. "ಎಲ್ಲಿ ತಪ್ತಾ ಇದೀನಿ ಸಿದ್ದಪ್ಪ?" ಎಂದು ಅವರು ಕೇಳಿದಾಗಲೆಲ್ಲ ಸಿದ್ದಪ್ಪ ಸೀಸೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದ. ತಪ್ಪು ಅವರದಲ್ಲ ಎಂದು ಅವನೊಬ್ಬನಿಗೇ ಗೊತ್ತು. ಆ ಸಂಕಟ ಬೇರೆಯವರಿಗೆ ಬೇಡ.

ಡಿಸೆಂಬರಿನಲ್ಲಿ ಮೇಷ್ಟ್ರು ಪತ್ರ ಬರೆದು ಓದಿ ಹೇಳಿದರು. "ಕೆಲಸದ ವೇಳೆಯಲ್ಲಿ ಎಂದೂ ತೂಕಡಿಸಿದವನಲ್ಲ" ಎಂಬ ಸಾಲೂ ಇತ್ತು. ನಾಳೆ ಸಹಿ ಹಾಕುತ್ತೇನೆ ಎಂದರು. ಮನೆಗೆ ಬಂದ ಸಿದ್ದಪ್ಪ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ಗುರುಶಾಂತಮ್ಮನಿಗೆ ಎಲ್ಲ ಹೇಳಿದ. ಅವಳು ತಟ್ಟೆ ಎತ್ತಿಕೊಳ್ಳುತ್ತ, "ಹನ್ನೊಂದು ವರ್ಸ ಕಣ್ರೀ" ಎಂದಳು.

ಬೆಳಿಗ್ಗೆ ಮೇಷ್ಟ್ರು ಪೆನ್ನು ತೆರೆದರು. ಸಿದ್ದಪ್ಪ ಮೇಜು ಹಿಡಿದು ನಿಂತ.

"ಸಹಿ ಹಾಕ್ಬ್ಯಾಡಿ ಸಾ. ಆವತ್ತು ನಾನು ಮಲ್ಗಿದ್ದೆ. ಕರೆಂಟು ಹೋಗಿ ಮೋಟ್ರು ನಿಂತಿತ್ತು. ಬರ್ದಿದ್ದು ಸುಳ್ಳು."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಐದು ತಿಂಗಳು ಕಣ್ಣೆದುರೇ ಇದ್ದವನು! ಪತ್ರವನ್ನು ಡ್ರಾಯರಿಗೆ ತಳ್ಳಿದರು. ಆಮೇಲೆ ಕೇಳಿದರು, "ಎಷ್ಟು ಹೊತ್ತು ನಿಂತಿತ್ತು?"

"ಮಲ್ಗಿದ್ದೋನಿಗೆ ಹೆಂಗೆ ಗೊತ್ತಾಯ್ತದೆ ಸಾ?"

ಮೇಷ್ಟ್ರಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. "ಹಾಕು ಒಲೆ" ಎಂದರು.

ಮಧ್ಯಾಹ್ನ ಹನಿಗಳು ಅಂಟಾಗುವ ಹೊತ್ತಿಗೆ ಮೋಟರ್ ನಿಲ್ಲಿಸಿ, ಮೇಷ್ಟ್ರು ಗಡಿಯಾರ ಹಿಡಿದು ಕುರ್ಚಿಯಲ್ಲಿ ಕೂತರು. ಐದು ತಿಂಗಳ ಗಂಟು ಬಿಚ್ಚಿದ್ದಕ್ಕೋ ಏನೋ, ಎರಡೇ ನಿಮಿಷಕ್ಕೆ ಅವರ ಗದ್ದ ಎದೆಗೆ ತಾಗಿತು. ಸಿದ್ದಪ್ಪ ಎಬ್ಬಿಸಲಿಲ್ಲ. ಹನಿಗಳನ್ನೇ ನೋಡುತ್ತ ನಿಂತ. ಅವು ಕನಸಿನಷ್ಟೇ ನಿಧಾನವಾಗಿ ಹತ್ತಿರ ಬಂದವು. ಎರಡೆರಡು ಒರಗಿದವು. ಮೂರನೆಯದು ಬಂದು ಸೇರುವ ಮೊದಲೇ ಮೋಟರ್ ಹಾಕಿದ.

ಮರುದಿನ ಫ್ಲಾಸ್ಕಿನ ತುಂಬ ಜೋಡಿಕಾಳು. ಮೇಷ್ಟ್ರು ಅವಸರದಲ್ಲಿ ರಿಜಿಸ್ಟರ್ ತೆರೆದರು. ಸಿದ್ದಪ್ಪನ ಅಕ್ಷರ:

"2-50 ಮೋಟರ್ ನಿಲ್ಲಿಸಿದೆ. 2-52 ಮೇಷ್ಟ್ರು ನಿದ್ದೆ ಹೋದರು. 2-57 ಮೋಟರ್ ಹಾಕಿದೆ."

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಕಿವಿ ಕೆಂಪಾಯಿತು. ಕೊನೆಗೆ ಕೆಳಗೆ ಸಹಿ ಹಾಕಿ, ಡ್ರಾಯರಿನಿಂದ ಪತ್ರ ತೆಗೆದು, ತೂಕಡಿಕೆಯ ಸಾಲನ್ನು ಹೊಡೆದುಹಾಕಿ, ಅದರ ಮೇಲೆ ಬರೆದರು: "ಈತ ಬರೆದದ್ದನ್ನು ನಂಬಬಹುದು." ಸಿದ್ದಪ್ಪ ಓದಿಕೊಂಡು ಲ್ಯಾಬಿನ ಹಿಂದಕ್ಕೆ ಹೋಗಿ ಮನಸಾರೆ ಅತ್ತ.

ಯುಗಾದಿಗೆ ಮುಂಚೆ ಕಾಯಂ ಆದೇಶ ಬಂತು. ಗುರುಶಾಂತಮ್ಮ ಅದನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟಳು. ಸಿದ್ದಪ್ಪ ಜೋಪಾನ ಮಾಡಿದ್ದು ಮೇಷ್ಟ್ರ ಪತ್ರದ ನಕಲನ್ನು.