ಪಾಪಕ್ಕನ ಕೈಗುಣ

ರೊಳ್ಳ ಪೇಟೆಯ ಆಚೆಗಿರುವ ಆ ಊರಿನಲ್ಲಿ ಮದುವೆ, ಸೀಮಂತ, ತೊಟ್ಟಿಲಶಾಸ್ತ್ರ ಯಾವುದಕ್ಕೂ ಪಾಪಕ್ಕನನ್ನು ಮುಂದಕ್ಕೆ ಕರೆಯುತ್ತಿರಲಿಲ್ಲ. ಗಂಡ ತೀರಿಕೊಂಡವಳು, ಹಿಂದೆ ಕೂತು ಊಟ ಮಾಡಿ ಎದ್ದು ಬರಬೇಕು. ಆದರೆ ರೇಷ್ಮೆ ಹುಳದ ವಿಷಯ ಬಂದರೆ ಊರಿನ ನಡೆಯೇ ಬೇರೆಯಾಗುತ್ತಿತ್ತು. ಹುಳ ನಾಲ್ಕನೇ ಜ್ವರ ಮುಗಿಸಿ, ಹಳೇ ಪೊರೆ ಕಳಚಿ ತಲೆಯೆತ್ತಿದ ದಿನ ಮೊದಲ ಸೊಪ್ಪು ಹಾಕಲು ಎಲ್ಲರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳು ತಲೆಗೆ ನೀರು ಹಾಕಿಕೊಂಡು, ಚೌಡಮ್ಮನ ಪಟದ ಮುಂದೆ ಕೈಮುಗಿದು ಹೊರಡುತ್ತಿದ್ದಳು. ಅವಳು ಸೊಪ್ಪು ಹಾಸಿದ ಹುಳ ಗಟ್ಟಿ ಗೂಡು ಕಟ್ಟುತ್ತವೆ ಎಂದು ಊರಿನ ನಂಬಿಕೆ. ಮುತ್ತೈದೆಯರು ದಾರಿಬಿಟ್ಟು ನಿಂತು "ಬಾರಕ್ಕ, ಮೊದ್ಲು ನೀನು" ಅನ್ನುವಾಗ ಅವಳಿಗೆ ಬೇರೆ ಇನ್ನೇನೂ ಬೇಕೆನಿಸುತ್ತಿರಲಿಲ್ಲ.

ಆ ಕೈಯ ಹೆಸರನ್ನು ಕಳೆದವನು ಗಂಗಣ್ಣ. ರೊಳ್ಳದಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟುಕೊಂಡು ಪಾಪಕ್ಕನ ಊರಿನಲ್ಲೇ ಹುಳವನ್ನೂ ಸಾಕುವವನು. ದೊಡ್ಡ ಚೀಲದ ಮಾಲು ತರಿಸಿ, ಮನೆಯಲ್ಲೇ ಸಣ್ಣ ಕವರುಗಳಿಗೆ ತುಂಬಿ, ಹೆಸರಿಲ್ಲ ಚೀಟಿಯಿಲ್ಲ, ಬಾಯಿ ಕಟ್ಟಿ ಮಾರುವುದು ಅವನ ಪದ್ಧತಿ. ಕಾರ್ತಿಕದ ಜಿನುಗು ಮಳೆಯಲ್ಲಿ ಪಾಪಕ್ಕನ ಹುಳ ಮೂರನೇ ಜ್ವರದಿಂದ ಎದ್ದಾಗ, ಹುಳದ ಹಾಸಿಗೆಗೆ ರೋಗ ತಗಲದಿರಲಿ ಎಂದು ಉದುರಿಸುವ ಸುಣ್ಣದ ಪುಡಿಯನ್ನು ಅವನ ಅಂಗಡಿಯಿಂದಲೇ ತಂದಳು. ಸುಣ್ಣದ ಘಾಟು ಇರಲಿಲ್ಲ. ಹೊಸ ಮಾಲಿರಬೇಕು ಅಂದುಕೊಂಡು ಬಟ್ಟೆಯಲ್ಲಿ ಕಟ್ಟಿ ಹುಳದ ಮೇಲೆ ಸಮನಾಗಿ ಉದುರಿಸಿದಳು.

ವಾರ ಕಳೆಯುವುದರೊಳಗೆ ಹುಳ ಸೊಪ್ಪು ಬಿಟ್ಟವು. ಸೆಟೆದುಕೊಂಡವು. ಆಮೇಲೆ ಒಂದೊಂದೂ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗಾಗಿ, ಮುಟ್ಟಿದರೆ ಕಟಕಟ ಅನ್ನತೊಡಗಿದವು. ಸುಣ್ಣಕಟ್ಟು ರೋಗ. ತಟ್ಟೆ ತಟ್ಟೆ ಹುಳವನ್ನು ಗುಂಡಿಗೆ ಸುರಿದು, ಕೈಗೆ ಸಿಕ್ಕಷ್ಟನ್ನು ಸೆರಗಿಗೆ ಹಾಕಿಕೊಂಡು ಅವಳು ಅಂಗಡಿಗೆ ಹೋದಳು.

ಅಂಗಡಿಯಲ್ಲಿ ಜನ ಇದ್ದರು. ಗಂಗಣ್ಣ ತಕ್ಕಡಿಯಿಂದ ತಲೆಯೆತ್ತಲಿಲ್ಲ.

"ಪುಡಿ ಏನು ಮಾಡುತ್ತೆ ಬಿಡಕ್ಕ. ಸಾವಿನ ಮನೆಗೋಗಿ ಬಂದು ಹುಳ ಮುಟ್ಟಿದ್ದೆಯಂತೆ, ಊರೆಲ್ಲ ಮಾತಾಡ್ತಾರೆ. ನಿನ್ನ ಕೈಯೇ ಕೆಟ್ಟೈತೆ ಕಣಕ್ಕ. ಇನ್ನು ಯಾರ ಮನೆ ಹುಳಾನೂ ಮುಟ್ಟಬ್ಯಾಡ."

ಸಾವಿನ ಮನೆಗೆ ಅವಳು ಹೋಗಿಯೇ ಇರಲಿಲ್ಲ. ಆದರೆ ಮಾತು ಅವಳಿಗಿಂತ ಮೊದಲೇ ಊರು ಸೇರಿತು. ಅಂದಿನಿಂದ ಯಾರೂ ಕರೆಯಲಿಲ್ಲ. ದಾರಿಯಲ್ಲಿ ಸೊಪ್ಪಿನ ಮಂಕರಿ ಹೊತ್ತವರು ಅವಳನ್ನು ಕಂಡರೆ ಮಂಕರಿಗೆ ಸೆರಗು ಮುಚ್ಚುತ್ತಿದ್ದರು. ಪಾಪಕ್ಕ ಚೌಡಮ್ಮನ ಮುಂದೆ ಕೂತು ಹೋದ ಹುಳವನ್ನು ಕೇಳಲಿಲ್ಲ, ಹೋದ ಬೆಳೆಯನ್ನೂ ಕೇಳಲಿಲ್ಲ. "ಅವನ ಬಾಯಲ್ಲಿ ಬಂದದ್ದು ಅವನೇ ನುಂಗಬೇಕು ತಾಯಿ. ಎಲ್ಲಾರೂ ನೋಡಬೇಕು" ಎಂದಷ್ಟೇ ಬೇಡಿದಳು. ದಿನಾ ದೀಪ ಹಚ್ಚುವಾಗ ಅದೊಂದೇ ಬೇಡಿಕೆ. ದೇವರ ಮುಂದೆ ಇಂಥದ್ದು ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು.

ಆ ಸಮಯಕ್ಕೆ ಶಿರಿಷಾ ಬಂದಳು. ರಾಯದುರ್ಗದ ಹುಡುಗಿ, ಮನೆಯವರದು ಜೀನ್ಸ್ ಪ್ಯಾಂಟು ಹೊಲಿಯುವ ಕಸುಬು, ಇವಳದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ. ಹೊಲ ಹೊಲ ಅಲೆದು ಸತ್ತ ಹುಳ ಆರಿಸುತ್ತಿದ್ದವಳನ್ನು ಪಾಪಕ್ಕ ಕರೆದು ಮಜ್ಜಿಗೆ ಕೊಟ್ಟಳು, ತನ್ನ ಬಿಳೀ ಹುಳಗಳನ್ನೂ ತೋರಿಸಿದಳು.

"ಇದು ಬೂಷ್ಟು ಐತ್ರಿ ಅಕ್ಕಾ," ಶಿರಿಷಾ ಒಂದನ್ನು ಬೆಳಕಿಗೆ ಹಿಡಿದಳು. "ಶೇಂಗಾ ಗಿಡ ತಿನ್ನೋ ಹುಳಾನ ಕೊಲ್ಲಾಕ ಇದನ್ನೇ ಬೆಳೆಸಿ, ಪುಡಿ ಮಾಡಿ ಮಾರ್ತಾರ. ನಮ್ಮ ಕಡೆ ಬಿಸಿಲಿಗೆ ಬೇಗ ಸತ್ತು ಹೋಗ್ತೈತಿ. ಎಣ್ಣಿಯೊಳಗ ಕಲಸಿಟ್ರ ಎಷ್ಟು ದಿನ ಬದುಕತೈತಿ ಅಂತ ನೋಡೋದು ನನ್ನ ಕೆಲಸ."

"ಕಡ್ಲೆಕಾಯಿ ಗಿಡದ ಹುಳ ಯಾವುದು, ರೇಷ್ಮೆ ಹುಳ ಯಾವುದು ಅಂತ ಅದಕ್ಕೆ ಗೊತ್ತಾಗಲ್ವೇನವ್ವ?"

"ಅದಕ್ಕೇನು ಗೊತ್ತಾಗ್ತೈತ್ರಿ. ಮೈಮ್ಯಾಲ ಕುಂದರತೈತಿ, ಚರ್ಮ ಕೊರದು ಒಳಗ ಹೋಗ್ತೈತಿ, ಅಷ್ಟ."

ಪಾಪಕ್ಕ ಎದ್ದು ಹೋಗಿ ಮಿಕ್ಕಿದ್ದ ಪುಡಿಯ ಕವರು ತಂದಳು. ಶಿರಿಷಾ ಒಂದು ಚಮಚದಷ್ಟು ತೆಗೆದುಕೊಂಡು ಹೋದಳು. ಮುಂದಿನ ಸಲ ಬಂದಾಗ ಫೋನಿನಲ್ಲಿ ಎರಡು ಗಾಜಿನ ತಟ್ಟೆಗಳ ಚಿತ್ರ ತೋರಿಸಿದಳು. ಒಂದು ಸತ್ತ ಹುಳದಿಂದ ಬೆಳೆಸಿದ್ದು, ಇನ್ನೊಂದು ಪುಡಿಯಿಂದ. ಎರಡರಲ್ಲೂ ಒಂದೇ ತರದ ಬಿಳೀ ಹತ್ತಿ.

"ನಿಮ್ಮ ಕವರಿನಾಗ ಸುಣ್ಣ ಇಲ್ಲವೇ ಇಲ್ರಿ. ಶೇಂಗಾಕ್ಕ ಹೊಡೆಯೋ ಪುಡಿ ಕೊಟ್ಟಾರ. ಉಳಿದಿದ್ದು ಸುಟ್ಟುಬಿಡ್ರಿ ಅಕ್ಕಾ. ಮುಟ್ಟಿದ ಕೈಯಾಗ ಸೊಪ್ಪು ಮುಟ್ಟಬ್ಯಾಡ್ರಿ."

ಪಾಪಕ್ಕ ಸುಡಲಿಲ್ಲ. ನೇರ ಕಡ್ಲೆಕಾಯಿ ಬೆಳೆಯುವ ಗೋಪಣ್ಣನ ಹೊಲಕ್ಕೆ ಹೋದಳು. ಅವಳು ಪುಡಿ ತಂದ ದಿನವೇ ಅವನೂ ಗಂಗಣ್ಣನ ಅಂಗಡಿಯಿಂದ ಪುಡಿ ತಂದದ್ದು ಅವಳಿಗೆ ನೆನಪಿತ್ತು. ಅದು ಹೇಗಿತ್ತು ಎಂದು ಕೇಳಿದಳು.

"ಅದನ್ನ ಕೇಳಬ್ಯಾಡ ಅತ್ತಿಗೆ," ಗೋಪಣ್ಣ ನಕ್ಕ. "ನೀರಿಗೆ ಹಾಕಿದ್ರೆ ಗೋಡೆಗೆ ಬಳಿಯೋ ಸುಣ್ಣ ಆಗೋಯ್ತು. ಸಂಜೆಗೇ ತಗೊಂಡೋಗಿ ಮುಖಕ್ಕೆ ಎಸೆದೆ. ಗಂಗಣ್ಣ ತಕ್ಷಣಾನೇ ಬೇರೆ ಕವರು ಕೊಟ್ಟ. ಯಾರ್ಗೂ ಹೇಳಬ್ಯಾಡ ಅಂದ."

ಅಂದರೆ ಆ ಸಂಜೆಯೇ ಗಂಗಣ್ಣನಿಗೆ ಗೊತ್ತಿತ್ತು. ಕವರು ಅದಲುಬದಲಾದದ್ದು ಕೈತಪ್ಪು. ಅದನ್ನು ಪಾಪಕ್ಕ ಕ್ಷಮಿಸಿಯಾಳು. ಆದರೆ ಅಂದೇ ಬಂದು ಒಂದು ಮಾತು ಹೇಳಿದ್ದರೆ ಹಾಸಿಗೆ ತೆಗೆದು, ಸುಣ್ಣ ಉದುರಿಸಿ, ಅರ್ಧ ಹುಳವನ್ನಾದರೂ ಉಳಿಸಿಕೊಳ್ಳುತ್ತಿದ್ದಳು. ಅವನು ಬರಲಿಲ್ಲ. ತನ್ನ ತಪ್ಪನ್ನು ಅವಳ ಕೈಗೆ ಸವರಿದ. ಅವಳಿಗೆ ಅಳು ಬರಲಿಲ್ಲ. ಗಂಗಣ್ಣನ ಮನೆಯ ಹುಳ ನಾಲ್ಕನೇ ಜ್ವರದಿಂದ ಏಳುವುದನ್ನೇ ಕಾದಳು.

ಸಂಕ್ರಾಂತಿ ಮುಗಿದ ಮೇಲೆ ಆ ದಿನ ಬಂತು. ಗಂಗಣ್ಣನ ಹುಳದ ಮನೆ ಮುಂದೆ ಅಕ್ಕಪಕ್ಕದ ಹೆಂಗಸರು ಸೊಪ್ಪು ಬಿಡಿಸುತ್ತ ಕೂತಿದ್ದರು. ಮೊದಲ ಸೊಪ್ಪಿಗೆ ಈ ಸಲ ಪಕ್ಕದ ಮನೆಯ ಮಂಜುಳಳನ್ನು ಕರೆದಿದ್ದರು. ಕರೆಯದೆ ಬಂದ ಪಾಪಕ್ಕನನ್ನು ಕಂಡು ಮಂಕರಿಗಳಿಗೆ ಸೆರಗು ಮುಚ್ಚಿದರು.

ಅವಳು ಅಂಗಳದಲ್ಲಿ ಗಂಗಣ್ಣನ ಎದುರು ನಿಂತು ಕವರಿನ ಬಾಯಿ ಬಿಚ್ಚಿದಳು.

"ಗಂಗಣ್ಣ, ನೀನು ಕೊಟ್ಟ ಪುಡಿ ಒಂದಿಷ್ಟು ಉಳಿದೈತೆ. ಒಳ್ಳೇ ಮಾಲಲ್ವಾ. ನಿನ್ನ ಹುಳಕ್ಕೆ ಉದುರಿಸು."

"ನಮ್ಮನೇಲಿ ಐತೆ ಬಿಡಕ್ಕ."

"ಇರಲಿ. ಇದನ್ನೇ ಉದುರಿಸು. ಪುಡಿ ಏನು ಮಾಡುತ್ತೆ? ಕೆಟ್ಟಿದ್ದು ನನ್ನ ಕೈ ತಾನೆ? ನಾನು ಮುಟ್ಟಲ್ಲ, ನಿನ್ನ ಕೈಯಲ್ಲೇ ಹಾಕು." ಅವಳು ಹಿಡಿಯಷ್ಟು ತೆಗೆದು ಮುಂದೆ ಚಾಚಿದಳು. "ತಗೋ."

ಮಂಜುಳ ನಕ್ಕಳು. "ಉದುರಿಸಿಬಿಡಣ್ಣ, ಅದ್ಯಾಕೆ ಹಂಗೆ ಹಿಂದಕ್ಕೆ ಹೋಗ್ತೀಯ? ಹಾವು ಕೊಟ್ಟಂಗೆ!"

ಗಂಗಣ್ಣ ನಿಜವಾಗಿಯೂ ಹಿಂದಕ್ಕೆ ಸರಿದಿದ್ದ. ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬ್ಯಾಡ ಕಣಕ್ಕ," ಅಂದ ಗಂಗಣ್ಣ. "ಒಂದೂ ಉಳಿಯಲ್ಲ. ಅದು ಕಡ್ಲೆಕಾಯಿ ಗಿಡಕ್ಕೆ ಹೊಡೆಯೋದು."

"ಯಾವತ್ತು ಗೊತ್ತಾಯ್ತು?"

"...ಅವತ್ತು ಸಂಜೆನೇ."

ಪಾಪಕ್ಕ ಹೆಂಗಸರ ಕಡೆ ತಿರುಗಿದಳು. ಮಂಜುಳ ಮಂಕರಿ ಎತ್ತಿ ಪಾಪಕ್ಕನ ಮುಂದೆ ಇಟ್ಟಳು. ಗಂಗಣ್ಣನ ಮಗಳು ಗಂಗೋತ್ರಿ ಒಳಗಿಂದ ಬಂದು, ಅಪ್ಪನ ಕಡೆ ನೋಡದೆ, "ಅತ್ತೆ, ಮೊದಲ ಸೊಪ್ಪು ನೀವೇ ಹಾಕಿ" ಅಂದಳು. ಮುತ್ತೈದೆಯರೆಲ್ಲ ಎದ್ದು ದಾರಿಬಿಟ್ಟರು.

ಪಾಪಕ್ಕ ಹಿಡಿಯಲ್ಲಿದ್ದ ಪುಡಿಯನ್ನು ಕವರಿಗೆ ಸುರಿದು ಹೊಸಿಲ ಹತ್ತಿರ ಹೋದಳು. ಒಳಗೆ ತಟ್ಟೆ ತುಂಬ ಹಸಿದ ಹುಳ ತಲೆಯೆತ್ತಿ ಕಾದಿದ್ದವು. ಅವಳ ಬೆರಳುಗಳ ಸಂದಿಯಲ್ಲಿ ಪುಡಿ ಬೆಳ್ಳಗೆ ಕೂತಿತ್ತು. ಅದೇ ಕೈಯಲ್ಲಿ ಸೊಪ್ಪು ಹಾಸಿದರೆ ಸಾಕು. ಯಾರೂ ಬೇಡ ಅನ್ನುತ್ತಿರಲಿಲ್ಲ, ಅವರಾಗಿಯೇ ಕರೆಯುತ್ತಿದ್ದರು. ಒಂದು ಕಾಲನ್ನು ಒಳಗಿಟ್ಟಳು ಸಹ. ಮರುಗಳಿಗೆ ಇನ್ನೊಂದು ತಿಳಿಯಿತು. ಈ ಹುಳ ಸತ್ತರೆ ಗಂಗಣ್ಣ ಅಂಗಡಿಯಲ್ಲಿ ಕೂತು ಹೇಳಿದ್ದು ನಿಜವಾಗುತ್ತದೆ. ಕೈ ಕೆಟ್ಟಿದೆ ಅಂದಿದ್ದ, ಕೆಟ್ಟೇ ಹೋಗುತ್ತದೆ.

ಅವಳು ಕಾಲು ಹಿಂದಕ್ಕೆ ತೆಗೆದಳು. ಒಳಗೆ ಹೋಗುವವರು ಕೈ ತೊಳೆಯಲೆಂದು ಹೊಸಿಲ ಪಕ್ಕದಲ್ಲಿಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದಳು. ಕವರನ್ನು ಸೊಪ್ಪಿನ ಕಡ್ಡಿಯ ಒಲೆಗೆ ಹಾಕಿಸಿದಳು.

"ಮಂಜುಳ, ನೀನೇ ಹಾಕವ್ವ. ಈ ಮನೆ ಹುಳಕ್ಕೆ ನನ್ನ ಕೈ ಇಲ್ಲ. ಇವತ್ತೂ ಇಲ್ಲ, ಇನ್ನು ಮುಂದಕ್ಕೂ ಇಲ್ಲ."

ಗಂಗಣ್ಣ ಕೈಮುಗಿದ. "ತಪ್ಪಾಯ್ತಕ್ಕ. ಒಪ್ಪಿಕೊಂಡ್ನಲ್ಲ, ಬಿಟ್ಟುಬಿಡು."

"ಇಲ್ಲಿ ಒಪ್ಪಿಕೊಂಡ್ರೆ ಮುಗೀತಾ? ನನ್ನ ಕೈ ಕೆಟ್ಟೈತೆ ಅಂತ ಯಾವ್ಯಾವ ಮನೇಲಿ ನಂಬಿದ್ರೋ ಆ ಮನೆಗೆಲ್ಲ ಬಾ. ಚಪ್ಪಲಿ ಹಾಕ್ಕೋ."

ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಗಂಗೋತ್ರಿ ಚಪ್ಪಲಿ ತಂದು ಅಪ್ಪನ ಕಾಲ ಬಳಿ ಇಟ್ಟಳು.

ಊರಿನ ಆ ತುದಿಯಿಂದ ಶುರುವಾಯಿತು. ಗಂಗಣ್ಣ ಮುಂದೆ, ಪಾಪಕ್ಕ ಹಿಂದೆ. ಮೊದಲ ಮನೆಯಲ್ಲಿ ಅವನು ಗೊಣಗಿದ, ಎರಡನೆಯದರಲ್ಲಿ ಕೆಮ್ಮಿದ. ಮೂರನೆಯ ಮನೆಯ ಜಗಲಿಯಲ್ಲಿ ಮುದುಕಿಯೊಬ್ಬಳು ಹುಣಸೆ ಕುಟ್ಟುತ್ತಿದ್ದಳು. ಅವನು ಹೇಳಿ ಮುಗಿಸಿ ಮುಂದಕ್ಕೆ ಹೆಜ್ಜೆಯಿಟ್ಟ.

"ನಿಂತ್ಕೋ," ಅಂದಳು ಪಾಪಕ್ಕ. "ಅಜ್ಜಿಗೆ ಕಿವಿ ಕೇಳಲ್ಲ. ಜೋರಾಗಿ ಹೇಳು, ಮೊದಲಿಂದ."